ಮೈಮೂನಾಳ ‘ಹೂಂ’

ನಮ್ಮ ಮನೆತನದಲ್ಲಿ ಮದುಮಗಳು ಮಾತಾಡುವುದಿಲ್ಲ. ನಿಕಾಹ್‌ಗೆ ಒಪ್ಪಿಗೆ ಕೇಳಲು ಹಿರಿಯರು ಪರದೆಯ ಹತ್ತಿರ ಬಂದಾಗ, ಪಕ್ಕದಲ್ಲಿ ಕೂತ ಹೆಂಗಸು ಅವಳ ತಲೆಯನ್ನು ಮೆಲ್ಲಗೆ ಬಗ್ಗಿಸಿ ತಾನೇ ‘ಹೂಂ’ ಅನ್ನಬೇಕು. ನನ್ನ ಅಣ್ಣ ಬುಡನ್ ಸಾಬನ ಮಗಳು ಮೈಮೂನಾಳ ಮದುವೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಕೆಲಸ ಸುಲಭದ್ದೇ, ಹುಡುಗಿ ಸುಲಭದವಳಲ್ಲ.

ಅಣ್ಣನದು ಆಲ್ದೂರಿನಲ್ಲಿ ದರ್ಜಿ ಅಂಗಡಿ. ಜರ್ಮನಿಯವರ ಮೇಲೆ ಯುದ್ಧ ಶುರುವಾದಾಗ ಅಂಗಡಿಯ ಇಬ್ಬರು ಕೆಲಸಗಾರರೂ ಪಲ್ಟನ್ನು ಸೇರಿ ಹೊರಟುಹೋದರು. ಆಗ ಮನೆಯೊಳಗೆ ಕೂತು ಮಿಷನ್ ತುಳಿದವಳು ಮೈಮೂನಾ. ಎಸ್ಟೇಟಿನ ರೈಟರುಗಳೆಲ್ಲ ಬುಡನ್ ಸಾಬರ ಕೈ ಈಗೀಗ ಪಳಗಿದೆ ಎಂದು ಹೊಗಳುವವರು. ಅಣ್ಣ ಮೀಸೆ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಚಿಕ್ಕಮಗಳೂರಿನಲ್ಲಿ ಸಿಪಾಯಿಗಳ ಅಂಗಿ ಹೊಲಿಸುವ ಶೆಡ್ಡು ಶುರುವಾಯಿತು. ಅಲ್ಲಿ ದುಡಿಯುವವರೆಲ್ಲ ಹೆಂಗಸರು. ಅದನ್ನು ನೋಡಿಕೊಳ್ಳುವ ರುಕ್ಮಿಣಮ್ಮನವರು ಆ ಹೊಲಿಗೆ ಯಾರ ಕೈಯದೆಂದು ಪತ್ತೆಮಾಡಿ ಮನೆಗೇ ಬಂದು, ಬಟ್ಟೆ ಕತ್ತರಿಸುವುದನ್ನು ಕಲಿಸಲು ಮೈಮೂನಾ ಬೇಕು ಅಂದರು. ಹುಡುಗಿಯ ಮುಖ ಅರಳಿತು, ಅಣ್ಣನ ಮುಖ ಬಾಡಿತು. ಮನೆಯ ಹೆಣ್ಣು ಹೊರಗೆ ದುಡಿಯುವುದೇ ಎಂದು ಗಾಬರಿಬಿದ್ದು, ತಿಂಗಳೊಳಗೆ ಅದೇ ಚಿಕ್ಕಮಗಳೂರಿನಲ್ಲಿ ಗಂಡು ಹುಡುಕಿದ. ಕಾಫಿ ವ್ಯಾಪಾರದ ಸತ್ತಾರ್, ನೋಡಲು ಲಕ್ಷಣವಾಗಿದ್ದ. ಅವನ ತಾಯಿ ಮಾತ್ರ, ನಮ್ಮ ಸೊಸೆ ಹೊಸಿಲು ದಾಟಬಾರದು ಎಂದು ಮೊದಲೇ ಹೇಳಿಕಳಿಸಿದ್ದರು. ಅಣ್ಣನಿಗೆ ಬೇಕಾಗಿದ್ದೂ ಅದೇ.

ಮೆಹಂದಿ ಹಚ್ಚುವಾಗ ಹುಡುಗಿ ನನ್ನನ್ನು ಕೇಳಿದಳು: “ಫೂಫಿ, ಹುಡುಗ ಬೇಡ ಅಂತಲ್ಲ. ಶೆಡ್ಡೂ ಬೇಕು. ಅಬ್ಬಾನ ಮನಸ್ಸು ನೋಯಿಸಕ್ಕೂ ಆಗಲ್ಲ. ಏನ್ ಮಾಡ್ಲಿ?”

“ಸುಮ್ನೆ ಕೂತ್ಕೊ, ಮೆಹಂದಿ ಅಳಿಸುತ್ತೆ” ಎಂದೆ.

ನಿಕಾಹ್ ದಿನ ಅವಳ ಸೋದರಮಾವ ಖಾದರ್, ಸಾಕ್ಷಿಗಳ ಜೊತೆ ಪರದೆಯ ಆಚೆ ನಿಂತು ಕೇಳಿದರು: “ಮಗಳೇ, ಸತ್ತಾರ್ ಜೊತೆ ನಿಕಾಹ್ ನಿಂಗೆ ಒಪ್ಪಿಗೆನಾ?”

ನಾನು ತಲೆ ಬಗ್ಗಿಸಲು ಹೋದೆ. ಕತ್ತು ಒನಕೆಯಂತೆ ನೆಟ್ಟಗೆ ನಿಂತಿತ್ತು. ಎರಡನೇ ಸಲ ಕೇಳಿದರು, ನಾನೂ ಜೋರಾಗಿ ಒತ್ತಿದೆ. ಊಹೂಂ, ಕತ್ತು ಅಲುಗಲಿಲ್ಲ. ಮೂರನೇ ಸಲಕ್ಕೆ ಅವಳೇ ಬಾಯಿಬಿಟ್ಟಳು.

“ಮಾಮು, ಹುಡುಗ ಒಪ್ಪಿಗೆ. ನನ್ನನ್ನ ಹೊಲಿಗೆ ಶೆಡ್ಡಿಗೆ ಹೋಗಕ್ಕೆ ಬಿಡ್ತಾರಾ, ಅದೊಂದು ಕೇಳ್ಕೊಂಡ್ ಬನ್ನಿ. ಬುರ್ಖಾ ಹಾಕ್ಕೊಂಡೇ ಹೋಗ್ತೀನಿ.”

ಹೆಂಗಸರ ಕೋಣೆಯಲ್ಲಿ ಸತ್ತಾರನ ತಾಯಿ ಎಲೆಯಡಿಕೆ ಅಗಿಯುವುದನ್ನೇ ಮರೆತರು. ಬಾಗಿಲಲ್ಲಿ ಅಣ್ಣ ನನ್ನ ಕಡೆ ಕಣ್ಣು ಕೆಕ್ಕರಿಸಿ, “ಬಗ್ಸೇ ತಲೆನ. ಹೂಂ ಅನ್ನು” ಎಂದ.

ನಾನು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಷ್ಟು ಗಟ್ಟಿಯಾಗಿ ಮಾತಾಡಿದವಳ ಮೈ ನನ್ನ ಅಂಗೈಯಡಿ ಗಡಗಡ ನಡುಗುತ್ತಿತ್ತು. ಅವಳ ತಲೆಯ ಮೇಲಿಂದ ಕೈ ತೆಗೆದೆ.

“ಅವಳಿಗೇ ಬಾಯಿದೆಯಲ್ಲ, ನಾನ್ಯಾಕೆ ಅನ್ಲಿ?” ಎಂದೆ.

ಖಾದರ್ ಬೆವರು ಒರೆಸಿಕೊಳ್ಳುತ್ತ ಚಪ್ಪರಕ್ಕೆ ಹೋದರು. ನಾವೆಲ್ಲ ಪರದೆಯ ಹತ್ತಿರ ಸರಿದು ಕಿವಿಗೊಟ್ಟೆವು. ಆಚೆಯಿಂದ ಸತ್ತಾರನ ದನಿ ಕೇಳಿಸಿತು.

“ನಾನು ಹಾಕ್ಕೊಂಡಿರೋ ಶೇರ್ವಾನಿನೂ ಅವರೇ ಹೊಲಿದದ್ದಂತಲ್ಲ. ಹೀಗೆ ಹೊಲಿಯೋರನ್ನ ಮನೇಲಿ ಕೂರಿಸಿ ನಾನೇನ್ ಮಾಡ್ಲಿ? ಹೋಗ್ಲಿ ಬಿಡಿ. ಅಮ್ಮಿಗೆ ನಾನು ಹೇಳ್ಕೊತೀನಿ.”

ಅವನ ಅಮ್ಮಿ ನನ್ನ ಪಕ್ಕದಲ್ಲೇ ಇದ್ದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ, “ಸಂಜೆಯೊಳಗೆ ಮನೇಲಿರ್ಬೇಕು” ಎಂದು ಗೊಣಗಿ ಮತ್ತೆ ಅಗಿಯತೊಡಗಿದರು.

ಖಾದರ್ ಬಂದು ಇನ್ನೊಮ್ಮೆ ಕೇಳಿದರು. ಬಿರಿಯಾನಿಯ ಒಲೆಯ ಹತ್ತಿರ ಇದ್ದವರಿಗೂ ಕೇಳಿಸುವಂತೆ ಮೈಮೂನಾ ‘ಹೂಂ’ ಅಂದಳು. ಅಣ್ಣ ಕೂಡ ನಕ್ಕುಬಿಟ್ಟ.

ಚಪ್ಪರದಲ್ಲಿ ಮುದಿ ಖಾಜಿಯವರು ಹೇಳುವುದು ಕೇಳಿಸಿತು. “ಈ ಮನೇಲಿ ಎಷ್ಟೋ ನಿಕಾಹ್ ಓದಿಸಿದ್ದೀನಿ ಮಾರಾಯ್ರೇ. ಹೆಣ್ಣಿನ ದನಿ ಕೇಳಿದ್ದು ಇವತ್ತೇ.”

ನನ್ನ ನಿಕಾಹ್ ಓದಿಸಿದವರೂ ಅವರೇ.