ಬಲಕ್ಕೆ ತಿರುಗುವಾಗ

ಗಗನಾ ಹಳೆಯ ಬನಿಯನ್ ಬಟ್ಟೆಯಿಂದ ಅಣ್ಣನ ಸ್ಕೂಟರ್ ಒರೆಸುತ್ತಿದ್ದಳು. ಭಾನುವಾರದ ಬೆಳಗ್ಗೆ ಅದು ಅವಳ ಕೆಲಸ. ಸೀಟು, ಹ್ಯಾಂಡಲ್ಲು, ಕಾಲಿಡುವಲ್ಲಿ ಒಣಗಿದ ಕೆಸರು ಎಲ್ಲ ಆದ ಮೇಲೆ ಹಿಂಬದಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಎಡಗಡೆಯ ಇಂಡಿಕೇಟರಿನ ಗಾಜು ಎಂದಿನಂತೆ ಮಂಕಾಗಿತ್ತು. ಬಲಗಡೆಯದು ಹೊಸದು. ಅದರ ಮೇಲೆ ಬೆಲೆಚೀಟಿ ಕಿತ್ತ ಅಂಟು ಇನ್ನೂ ಹೋಗಿರಲಿಲ್ಲ.

ಅವಳು ಒರೆಸುವುದನ್ನು ನಿಲ್ಲಿಸಿ ಅದನ್ನೇ ನೋಡಿದಳು. ಆ ಕಡೆಯ ದೀಪ ಒಂದು ವರ್ಷದಿಂದ ಉರಿದಿರಲಿಲ್ಲ. ಅದಕ್ಕೇ ಅಣ್ಣ ಗಿರಿರಾಜ್ ಬಲಕ್ಕೆ ತಿರುಗುವಾಗ "ಕೈ" ಅನ್ನುತ್ತಿದ್ದ. ಹಿಂದೆ ಕೂತ ಅವಳು ಬಲಗೈ ಚಾಚುತ್ತಿದ್ದಳು. ಚಂದ್ರಾ ಲೇಔಟಿನಲ್ಲಿ ಅವಳು ಸೀರೆಗೆ ಫಾಲ್ ಹೊಲಿಯುವ ಕೆಲಸಕ್ಕಿದ್ದ ಅಂಗಡಿಗೆ ಹೋಗುವಾಗ ಒಂದು ಸಲ, ಮೂಡಲಪಾಳ್ಯದ ಮನೆಗೆ ವಾಪಸು ಬರುವಾಗ ಎರಡು ಸಲ. ಕೆಲವು ದಿನ ಅವನು ಹೇಳುವುದೂ ತಿರುಗುವುದೂ ಒಟ್ಟಿಗೇ ಆಗಿಬಿಡುತ್ತಿತ್ತು.

ಗುರುವಾರ ಸಂಜೆ ಅವನು ಏನೂ ಹೇಳಲಿಲ್ಲ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಿದ್ದವನು ಮುಂದೆ ಜಾಮ್ ಕಂಡು, ಯಾವತ್ತೂ ತಿರುಗದ ಒಂದು ಕ್ರಾಸಿಗೆ ಸರಕ್ಕನೆ ಬಲಕ್ಕೆ ತಿರುಗಿದ. ಹಿಂದಿನಿಂದ ಬಂದ ಡೆಲಿವರಿಯವನ ಬೈಕು ಗುದ್ದಿತು. ಗಗನಾಳ ಮೊಣಕೈ ತರಚಿತು. ಗಿರಿರಾಜನಿಗೆ ಏನೂ ಆಗಲಿಲ್ಲ. ಡೆಲಿವರಿಯವನ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಬಟ್ಟೆ ಹಿಂಡಿ ಒಣಹಾಕಿ ಅವಳು ಒಳಗೆ ಬಂದಳು. ಗಿರಿರಾಜ್ ದೋಸೆ ತಿನ್ನುತ್ತಿದ್ದ.

"ಇಂಡಿಕೇಟರ್ ಯಾವಾಗ ಹಾಕಿಸ್ದೆ ಅಣ್ಣ?"

"ಯಾವ್ದು?"

"ಬಲಗಡೆದು."

"ಅದು ಮೊದ್ಲಿಂದ್ಲೂ ಇತ್ತು ಕಣೇ," ಎಂದು ಅವನು ಚಟ್ನಿ ಬಡಿಸಿಕೊಂಡ. "ನಾಳೆ ಹನ್ನೊಂದಕ್ಕೆ ಸ್ಟೇಷನ್ನು, ನೆನಪಿದೆ ತಾನೆ? ಅಣ್ಣ ಇಂಡಿಕೇಟರ್ ಹಾಕಿದ್ದ, ನಾನೂ ಕೈ ತೋರಿಸ್ದೆ ಅನ್ಬೇಕು. ಇಷ್ಟೇ. ಸೈನ್ ಹಾಕ್ಬಿಟ್ಟು ಬಂದ್ಬಿಡೋದು."

ಅವನು ಆಗಲೇ ಪೊಲೀಸರ ಮುಂದೆ ಹಾಗೆ ಹೇಳಿ ಬಂದಿದ್ದ. ಹದಿನೈದನೇ ತಾರೀಖಿನಿಂದ ಒಂದು ಕಾರ್ಖಾನೆಯ ಬಸ್ ಓಡಿಸುವ ಕೆಲಸಕ್ಕೆ ಸೇರಬೇಕಿತ್ತು. ಮೈಮೇಲೆ ಕೇಸು ಇದ್ದವನನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಗಗನಾ ಹೌದು ಎಂದರೆ ಕೇಸು ಡೆಲಿವರಿಯವನ ಮೇಲೆ ಬೀಳುತ್ತಿತ್ತು.

"ಅವ್ಳಿಗೇನು ಅಷ್ಟೊಂದು ಹೇಳ್ಕೊಡ್ತೀಯೋ," ಅಂದ ಅಪ್ಪ ಚನ್ನಮಲ್ಲಪ್ಪ, ಪೇಪರಿನಿಂದ ತಲೆ ಎತ್ತದೆ. "ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಮಾತಾಡೋಕೆ ಹೆದರ್ತಾಳೆ. ಅಂಥೋರ್ನ ಅವ್ರೂ ಜಾಸ್ತಿ ಕೆದಕಲ್ಲ."

ಅಮ್ಮ ನೀಲಮ್ಮ ತಟ್ಟೆ ತಂದಿಟ್ಟಳು. ಗುರುವಾರದಿಂದ ಅವಳು ಗಗನಾಳ ದೋಸೆಗೆ ಮಾತ್ರ ಬೆಣ್ಣೆ ಹಾಕುತ್ತಿದ್ದಳು.

ತಿಂಡಿ ಮುಗಿಯುವ ಹೊತ್ತಿಗೆ ಗೇಟಿನ ಸದ್ದಾಯಿತು. ವೈರ್ ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

"ನಾ ದುಂಡೇಶನ ತಾಯಿರೀ, ಹೊನ್ನವ್ವ. ಕಾಲ ಮುರದೈತಲ್ರೀ, ಅವನ ತಾಯಿ. ಬ್ಯಾಡರಹಳ್ಯಾಗ ಇರ್ತೀವಿ."

ಗಿರಿರಾಜ್ ಕೈ ತೊಳೆದವನು ಒರೆಸಿಕೊಳ್ಳದೆ ಬಂದ. "ಇಲ್ಲಿಗ್ಯಾಕೆ ಬಂದ್ರಿ ಆಂಟಿ? ಅಡ್ರೆಸ್ ಯಾರು ಕೊಟ್ರು?"

"ಸ್ಟೇಷನ್ದಾಗ ಕೇಳಿದೆ. ಜಗಳಾ ಮಾಡಾಕ ಬಂದಿಲ್ಲ." ಒಳಗೆ ಬಂದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಸಿಗ್ನಲ್ ಕೊಡಲಿಲ್ಲ ಅಂತ ನಮ್ಮಾಂವ ಅಂತಾನು. ಕೊಟ್ಟೀವಿ ಅಂತ ನೀವಂತೀರಿ. ಅವನೂ ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳೂದರಾಗ ಶಾಣ್ಯಾನ. ಅದಕ್ಕ ನಾನ ಕೇಳೂಣು ಅಂತ ಬಂದೆ."

"ಎಷ್ಟು ಸ್ಪೀಡಲ್ಲಿ ಬಂದ ಅಂತ ಅವನ್ನೇ ಕೇಳಿ. ಹತ್ತು ನಿಮಿಷದಲ್ಲಿ ಬಿರಿಯಾನಿ ಮುಟ್ಟಿಸ್ಬೇಕು ಅನ್ನೋರು ಮುಂದೆ ನೋಡ್ತಾರಾ?"

"ಜೋರ ಬಂದಿರತಾನ. ಅದನ್ನೂ ಬರಸ್ರಿ. ಆದ್ರ ಆಗಿದ್ದಷ್ಟ ಬರಸ್ರಿ. ತಪ್ಪೆಲ್ಲಾ ಅವನದ ಅಂತ ಬಂದ್ರ ಕಂಪನ್ಯಾವ್ರು ಐಡಿ ಬಂದ್ ಮಾಡ್ತಾರಂತ. ಕಾಲೂ ಹೋತು, ಕೆಲಸಾನೂ ಹೋತು."

ನೀಲಮ್ಮ ಒಂದು ಲೋಟ ನೀರು ಕೊಟ್ಟಳು. ಹೊನ್ನವ್ವ ಕುಡಿಯುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಗನಾಳನ್ನು ನೋಡಿದಳು.

"ಹಿಂದ ಕುಂತಾಕಿ ನೀನ ಏನವ್ವ?"

ಗಗನಾ ತಲೆಯಾಡಿಸಿದಳು.

"ಹಸರ ಸೀರಿ ಉಟ್ಟಿದ್ದಿ ಅಂತ ಹೇಳಿದ. ಅವಗ ಮತ್ತೇನೂ ನೆನಪಿಲ್ಲ, ಸೀರಿ ಅಷ್ಟ."

"ಹೂಂ," ಅಂದಳು ಗಗನಾ. "ಅಂಗಡಿ ಓನರ್ ಮನೆ ಗೃಹಪ್ರವೇಶ ಇತ್ತು. ಅಲ್ಲಿಂದ ಬರ್ತಾ ಇದ್ವಿ."

ನೀಲಮ್ಮನ ಕಣ್ಣು ಅವಳ ಕಡೆ ಹರಿಯಿತು. ಹೊನ್ನವ್ವ ಲೋಟ ಕೆಳಗಿಟ್ಟಳು. ಸ್ಟೂಲಿನ ಮೇಲೆಯೇ ಗೋಡೆಗೆ ಬೆನ್ನು ಮಾಡಿ ತಿರುಗಿ, ಕಾಲೆರಡನ್ನೂ ಒಂದೇ ಕಡೆ ಜೋಡಿಸಿ ಕೂತಳು. ಬಲಗೈಯನ್ನು ಮುಂದೆ ಯಾರದೋ ಭುಜದ ಮೇಲಿಟ್ಟ ಹಾಗೆ ಗಾಳಿಯಲ್ಲಿ ಇಟ್ಟಳು.

"ಸೀರಿ ಉಟ್ರ ಹಿಂಗ ಕುಂಡರಬೇಕಲ್ಲ. ನಾನೂ ನಮ್ಮಾಂವನ ಗಾಡಿ ಮ್ಯಾಲೆ ಹಿಂಗ ಕುಂಡರತೀನಿ." ಇನ್ನೊಂದು ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಲು ನೋಡಿದಳು. ಬೆರಳ ತುದಿ ಗೋಡೆಗೆ ತಾಗಿತು. "ಬಲಕ್ಕ ಅಂದ್ರ ಬೆನ್ನಿನ ಹಿಂದ ಬರತೈತಿ. ಕೈ ಹೆಂಗ ಮಾಡಿದಿ ತಂಗಿ?"

ಕೆಣಕುವ ದನಿಯಲ್ಲ ಅದು. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

"ಅವತ್ತು ಎರಡೂ ಕಡೆ ಕಾಲು ಹಾಕ್ಕೊಂಡು ಕೂತಿದ್ಲು," ಅಂದ ಗಿರಿರಾಜ್.

"ಸೀರ್ಯಾಗ?"

ಅವನು ಒಂದು ಹೆಜ್ಜೆ ಮುಂದೆ ಬಂದ. "ನೋಡಿ ಆಂಟಿ, ಏನಿದ್ರೂ ಸ್ಟೇಷನ್ನಲ್ಲಿ ಮಾತಾಡಿ. ಮನೆಗೆ ಬಂದು ಹೆಣ್ಮಕ್ಳನ್ನ ವಿಚಾರಿಸೋದು ಸರಿ ಇರಲ್ಲ."

ಹೊನ್ನವ್ವ ಬುಟ್ಟಿ ಎತ್ತಿಕೊಂಡಳು. ಹೊಸ್ತಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಯಾರಾದರೂ ಏನಾದರೂ ಹೇಳಬಹುದೆಂದು ಕಾಯುತ್ತಿದ್ದಳೋ ಏನೋ. ಆಮೇಲೆ ಹೋದಳು.

ಗೇಟು ಮುಚ್ಚಿದ ಸದ್ದು ಕೇಳಿದ ಕೂಡಲೇ ನೀಲಮ್ಮ ಹಿತ್ತಲಿಗೆ ಹೋದಳು. ತಂತಿಯ ಮೇಲಿದ್ದ ಹಸಿರು ಸೀರೆಯನ್ನು ಎಳೆದು ತಂದು, ಅಂಚಿನ ತೇವ ಆರುವುದಕ್ಕೂ ಕಾಯದೆ ಮಡಿಸತೊಡಗಿದಳು.

"ಚೂಡಿದಾರ್ ಹಾಕಿದ್ದೆ ಅಂತ ಹೇಳು. ಆ ಬೂದು ಬಣ್ಣದ್ದು."

"ಕಾಲು ಮುರ್ಕೊಂಡು ಬಿದ್ದವ್ನಿಗೆ ಸೀರೆ ಬಣ್ಣ ಹೇಗೆ ನೆನಪಿರುತ್ತೆ?" ಗಿರಿರಾಜ್ ತಂಗಿಯ ಎದುರಿಗೆ ಬಂದು ನಿಂತ. "ಶುಕ್ರವಾರ ಅಂಗಡಿಯಿಂದ ಲೇಟಾಗಿ ಬಂದೆ ನೀನು. ಆಸ್ಪತ್ರೆಗೆ ಹೋಗಿದ್ಯಾ?"

"ಇಲ್ಲ."

"ಫೋನ್ ಕೊಡಿಲ್ಲಿ."

ಅವಳು ಕೊಟ್ಟಳು. ಅವನು ಹೆಬ್ಬೆರಳಿನಿಂದ ಒಂದೊಂದೇ ನಂಬರು ಮೇಲೆ ತಳ್ಳುತ್ತ ಹೋದ. ಅಂಗಡಿಯದು, ಅಮ್ಮನದು, ಅವನದೇ. ಮತ್ತೆ ಮೊದಲಿನಿಂದ ನೋಡಿದ.

ಗಗನಾ ತನ್ನ ಬಲಗೈಯನ್ನು ನೋಡಿಕೊಂಡಳು. ಗುರುವಾರ ಅದು ಅವನ ಭುಜದ ಮೇಲಿತ್ತು. ಭುಜ ವಾಲಿದ್ದು ಅಂಗೈಗೆ ಗೊತ್ತಾಗಿತ್ತು. ಅದಕ್ಕಿಂತ ಮೊದಲು ಅವಳಿಗೂ ಯಾವ ಸೂಚನೆ ಇರಲಿಲ್ಲ.

ಅವಳು ಒಳಗೆ ಹೋಗಿ ಕೂದಲು ಬಾಚಿಕೊಂಡು ಬಂದಳು. ನೀಲಮ್ಮ ಟ್ರಂಕಿನ ಮುಚ್ಚಳ ಎತ್ತಿ ಹಿಡಿದಿದ್ದಳು. ಗಿರಿರಾಜ್ ಇನ್ನೂ ಫೋನು ನೋಡುತ್ತಿದ್ದ. ಗಗನಾ ಅಪ್ಪನ ಕುರ್ಚಿಯ ಮುಂದೆ ನಿಂತಳು. ಅವಳ ದನಿ ಅವಳಿಗೇ ಜೋರೆನಿಸಿತು.

"ಅಪ್ಪಾ, ನಾನು ಕೈ ತೋರಿಸ್ಲಿಲ್ಲ. ಅದನ್ನ ಇವತ್ತೇ ಬರೆಸ್ಬೇಕು. ಒಬ್ಳೇ ಹೋಗೋಕೆ ಭಯ ಆಗುತ್ತೆ, ಸ್ಟೇಷನ್ವರೆಗೂ ಜೊತೆಗೆ ಬರ್ತೀಯಾ?"

ಚನ್ನಮಲ್ಲಪ್ಪ ಪೇಪರಿನ ಹಾಳೆ ಮಗುಚಿ, ಅದರ ಮಡಿಕೆಯನ್ನು ಅಂಗೈಯಿಂದ ನಿಧಾನವಾಗಿ ಸವರಿದ.