ಅಗಸಿಯ ಹೊರಗಿನ ನಲವತ್ತು ಮನೆ

ಬಸ್ಸಿನ ಕಿಟಕಿಯಾಚೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಪರದೆ ಗಾಳಿಗೆ ಉಬ್ಬಿ ಮತ್ತೆ ಕುಸಿಯಿತು, ತಿಕೋಟಾ ಬಂತು, ಹೊನವಾಡದಿಂದ ಇಷ್ಟು ದೂರ ಬಂದರೂ ತೊಡೆಯ ಮೇಲಿನ ಹಾಳೆಗಳ ಕಟ್ಟು ಬಿಚ್ಚಿಲ್ಲ, ಆರುನೂರ ಹನ್ನೆರಡು ಪುಟದ ನನ್ನ ಕಾದಂಬರಿ, ಸಂಜೆ ಐದರೊಳಗೆ ವಿಜಯಪುರದ ಪ್ರಕಾಶಕರಿಗೆ ಮುಟ್ಟಬೇಕು, ಸ್ಪರ್ಧೆಗೆ ಇವತ್ತೇ ಕಡೆಯ ದಿನ, ಈಗ ಒಂಬತ್ತೂ ಹತ್ತು — ಕಾದಂಬರಿಯ ಲೋಕವೇನೋ ಗಟ್ಟಿಯಾಗಿ ನಿಂತಿದೆ, ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಊರು, ದೂರ, ವಯಸ್ಸು ತಾಳೆ ನೋಡಿದವಳು ನಾನು, ನನ್ನ ಕುದುರೆಗಳು ದಿನಕ್ಕೆ ಹತ್ತು ಹರದಾರಿಗಿಂತ ಹೆಚ್ಚು ನಡೆಯುವುದಿಲ್ಲ, ಎರಡು ಚಂದ್ರರಿರುವ ಆಕಾಶಕ್ಕೆ ಅಮಾವಾಸ್ಯೆಯ ಪಟ್ಟಿಯೇ ಇದೆ, ತಪ್ಪು ಹುಡುಕಿ ನೋಡಲಿ ಯಾರಾದರೂ, ಆದರೆ ಅದರ ರಾಣಿ ಇರಾವಳಿ, ಅವಳೊಬ್ಬಳು ನಿಲ್ಲುತ್ತಿಲ್ಲ — ಪ್ರತಿ ಭಾನುವಾರ ನಮ್ಮೂರಿನ ಇಂಥದೇ ಶೆಡ್ಡಿನಲ್ಲಿ ಓದಿ ಹೇಳುತ್ತೇನೆ, ಅವ್ವ, ದುಂಡವ್ವ, ಸಬೀರಾ ಒಣದ್ರಾಕ್ಷಿಯ ಕಡ್ಡಿ ಕೀಳುತ್ತ ಕೇಳುತ್ತಾರೆ, ಕೈ ನಿಂತರೆ ಕಥೆ ಹಿಡಿಯಿತು ಎಂದರ್ಥ, ಕಥೆಯಲ್ಲಿ ಸುಂಕದಕಟ್ಟೆಯ ಕೆಟ್ಟ ಮುದುಕನೊಬ್ಬನ ಹೇಸರಗತ್ತೆ ಸತ್ತಾಗ ಆರೂ ಕೈ ನಿಂತಿದ್ದವು, ರಾಣಿ ಬಂದರೆ ಮಾತ್ರ ಕಡ್ಡಿ ಸರಸರ ಬೀಳುತ್ತವೆ. ಏ ಆಮ್ರಪಾಲಿ, ನಿನ್ನ ರಾಣಿ ಒಂದ್ ತಪ್ಪೂ ಮಾಡೂದಿಲ್ಲ, ಒಂದ್ ನೆಗಡೀನೂ ಬರೂದಿಲ್ಲ ಆಕೀಗೆ, ಕ್ಯಾಲೆಂಡರಿನ್ಯಾಗ ಹಾಕ್ಸಿ ಗ್ವಾಡಿಗೆ ತೂಗಬಿಡ ಬೇ, ದುಂಡವ್ವ ನಿನ್ನೆ ಅಂದಳು, ಸಬೀರಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು, ನನಗೆ ಸಿಟ್ಟು ಬಂತು, ರಾಣಿಯ ಊರಿನ ನಕ್ಷೆ ಬಿಚ್ಚಿ ಹಾಸಿದೆ, ನೋಡ್ರಿ, ಒಂಬತ್ತನೇ ಅಧ್ಯಾಯ, ವೈರಿ ಬಂದ, ಈಕಿ ಕೋಟಿ ಅಗಸಿ ಬಾಗಲಾ ಹಾಕ್ಸಿ ಇಡೀ ಊರ ಉಳಿಸ್ಯಾಳ, ಇನ್ನೇನ ಮಾಡಬೇಕು? ಓದು ಬಾರದ ಅವ್ವ ಬಾಗಿ, ಅಂಟು ಬೆರಳನ್ನು ಕೋಟೆಗೋಡೆಯ ಹೊರಗಿನ ಸಣ್ಣ ಚೌಕಗಳ ಮೇಲೆ ಇಟ್ಟಳು. ಇವು ಏನ ಯವ್ವಾ? ಮನಿ. ಯಾರವು? ತೊಗಲಿನ ಕೆಲಸದವರವು. ಅಗಸಿ ಹಾಕಿದ ಮ್ಯಾಲೆ ಈ ಮಂದಿ ಎಲ್ಲಿ ಹೋದ್ರು? ಆರೂ ಕೈ ನಿಂತಿದ್ದವು.

ನಲವತ್ತು ಮನೆ, ನಾನೇ ಬರೆದದ್ದು, ಯಾಕೆ ಹೊರಗೆ ಬರೆದೆ, ಯೋಚಿಸಲೇ ಇಲ್ಲ, ನಮ್ಮ ಓಣಿ ಎಲ್ಲಿದೆಯೋ ಅಲ್ಲಿಗೇ ಪೆನ್ಸಿಲ್ಲು ಹೋಯಿತು, ಇನ್ನೊಂದು ಚಂದ್ರನನ್ನು ಹೊಸದಾಗಿ ಹುಟ್ಟಿಸಿದವಳಿಗೆ ಕೇರಿಯನ್ನು ಗೋಡೆಯೊಳಗೆ ಇಡಬಹುದು ಎಂದು ಹೊಳೆಯಲಿಲ್ಲ, ಹೊರಗೆ ಇಟ್ಟೆ, ಇಟ್ಟು ಮರೆತೆ, ನಾನು, ಅಂಥದೇ ಕೇರಿಯ ಪರಸವ್ವನ ಮಗಳು! — ನಾಚಿಕೆ, ನಾಚಿಕೆಯ ಬೆನ್ನಿಗೇ ಈ ಖುಷಿ, ಎದೆ ಬಸ್ಸಿಗಿಂತ ಮುಂದೆ ಓಡುತ್ತಿದೆ, ಯಾಕೆಂದರೆ ಅವಳೂ ಮರೆತಿದ್ದಾಳೆ, ಪ್ರತಿ ಬುರುಜು ಬಲ್ಲ ಇರಾವಳಿ ನಲವತ್ತು ಮನೆ ಮರೆತು ಅಗಸಿ ಹಾಕಿಸಿದ್ದಾಳೆ, ಅವಳ ತಪ್ಪು ಎರಡು ವರ್ಷದಿಂದ ನನ್ನ ನಕ್ಷೆಯಲ್ಲೇ ಕೂತಿತ್ತು! ತೊರವಿ, ತೊರವಿ, ಇಳೀರ್ರಿ ಲಗೂನ, ಕಂಡಕ್ಟರ್ ಕೂಗುತ್ತಿದ್ದಾನೆ, ಫೋನಿನಲ್ಲಿ ಪ್ರಕಾಶಕರ ಕಚೇರಿಯ ರಾಮಲಿಂಗ, ಮೇಡಂ, ಐದರ ಮ್ಯಾಲೆ ಒಂದ ನಿಮಿಷ ಆದ್ರೂ ತಗೊಳ್ಳಂಗಿಲ್ರಿ, ಆಯ್ತ್ರಿ, ಬರಾಕತ್ತೇನಿ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಬರೆದರೂ ಏಳು ಗಂಟೆ ಸಿಗುತ್ತದೆ, ಒಂಬತ್ತನೇ ಅಧ್ಯಾಯ ಒಂದೇ ಸಾಕು, ಕಟ್ಟು ಬಿಚ್ಚಿ ಇಲ್ಲೇ ಶುರು ಮಾಡುತ್ತೇನೆ, ಹಾಳೆಯ ಬೆನ್ನಿಗೆ — ಅಗಸಿ ಮುಚ್ಚಿತು, ಜನ ಜೈಕಾರ ಹಾಕಿದರು, ಆಗ ಹಲಗೆಯ ಆಚೆ ಒಂದು ಅಂಗೈ ಬಡಿಯಿತು, ಮುಷ್ಟಿಯಲ್ಲ, ಬರಿಯ ಅಂಗೈ, ತೊಗಲು ಹದ ಮಾಡಿ ಕಪ್ಪಾದದ್ದು, ರಾಣಿ ಮಾತ್ರ ಕೇಳಿಸಿಕೊಂಡಳು, ಮೊದಲ ಸಲ ಅವಳೇ ಬಂದು ಅಗುಳಿಗೆ ಕೈಯಿಟ್ಟಳು, ತೆರೆದರೆ ವೈರಿಯ ಕುದುರೆಗಳು ಒಳಗೆ, ಇನ್ನು ಅರ್ಧ ಹರದಾರಿ ದೂರ, ನಾನೇ ಲೆಕ್ಕ ಹಾಕಿದ ದೂರ, ತೆರೆಯದಿದ್ದರೆ — ಮತ್ತೆ ಅಂಗೈ, ಇರಾವಳಿ, ಏನಾದರೂ ಹೇಳು, ಅಗುಳಿಯ ಮೇಲೆ ಅವಳ ಕೈ ಇದೆ, ಹೊರಗೆ ಆ ಅಂಗೈ, ನಡುವೆ ನಾಲ್ಕು ಬೆರಳು ದಪ್ಪದ ಹಲಗೆ, ಪೆನ್ಸಿಲ್ಲು ಮುಂದೆ ಹೋಗುತ್ತಿಲ್ಲ, ಅಂಗೈ, ಹಲಗೆಯ ಮೇಲೆ, ಅಂಗೈ