ಹಂತಿಗೆ ಹಂತಿ ಅಂತಾರ

ಸಿದಿಗೆಯ ಹಗ್ಗ ಬಿಗಿಯುತ್ತಲೇ ಶಿವಲಿಂಗ ಫೋನನ್ನು ಬಾಯಿಯ ಹತ್ತಿರ ಹಿಡಿದ. “ಹಂತಿ ಪದ ಹಚ್ಚು.”

ಹಿಂದಿ ಸಿನಿಮಾದ ಕುಣಿತದ ಹಾಡು ಶುರುವಾಯಿತು. ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಹೆಣದ ಮುಂದ ಇದೇನಲೇ?” ಸೋದರಮಾವ ಶ್ರೀಮಂತ ಸಿಡಿದ. “ಭಜನಿ ಅನ್ನು, ಒಮ್ಮಿಗೇ ಹಚ್ಚತೈತಿ.”

“ಭಜನಿ ಬ್ಯಾಡ, ಹಂತಿ ಪದ ಹಚ್ಚಿ ಒಯ್ಯಿ ಅಂದಾಳ ನಮ್ಮವ್ವ.”

“ಭಜನಿ ಹಚ್ಚಿದ್ರ ಎದ್ದ ಕುಂತ ಬೈತಾಳ ಆಕಿ,” ಅಂದಳು ಅಕ್ಕನಾಗಮ್ಮ. ಸತ್ತ ಸಕ್ರವ್ವ ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯಲ್ಲಿ ಪಕ್ಕದ ಒಲೆ ಅವಳದು.

*

ಸಕ್ರವ್ವ ಮಮದಾಪುರದವಳು. ಕಣದಲ್ಲಿ ಎತ್ತು ತುಳಿಸುತ್ತ ಅಪ್ಪ ಹಾಡುತ್ತಿದ್ದ ಹಂತಿ ಪದ ಕೇಳಿ ಬೆಳೆದವಳು. ಇಬ್ರಾಹಿಂಪುರಕ್ಕೆ ಬಂದು ಇಪ್ಪತ್ತೆರಡು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದಳು. ಕೈತುಂಬ ಹಿಟ್ಟು, ಅಕ್ಷರ ಬಾರದು. ಫೋನಿಗೆ ಬಾಯಿಂದಲೇ ಹೇಳಬೇಕು.

ಹಾಡಿನ ಮೊದಲನೆಯ ಆ್ಯಪು ಹಂತಿ ಅಂದರೆ ಹಿಂದಿ ಅಂದುಕೊಂಡಿತು. ಸಿಮ್ಮಿನ ಜೊತೆ ಪುಕ್ಕಟೆ ಬಂದ ಎರಡನೆಯದೂ ಹಾಗೇ. ಮೂರನೆಯದಕ್ಕೆ ಶಿವಲಿಂಗ ತಿಂಗಳಿಗೆ ಇಷ್ಟಂತ ದುಡ್ಡು ಕಟ್ಟಿದ. ಜಾಹೀರಾತು ಹೋಯಿತು, ಹಿಂದಿ ಹೋಗಲಿಲ್ಲ.

“ಯವ್ವಾ, ಜಾನಪದ ಅನ್ನ ಬೇ. ಅದಕ್ಕ ತಿಳೀತೈತಿ.”

“ನಾ ಯಾಕ ಅನ್ಲಿ? ಹಂತಿಗೆ ಹಂತಿ ಅಂತಾರ. ತಿಳೀಲಿಲ್ಲಂದ್ರ ಅದ ಕಲೀಲಿ. ತಗದ ಒಗಿ, ಬ್ಯಾರೇದ ಹಾಕ.”

ಏಳು ವರ್ಷ, ಆರು ಆ್ಯಪು. ಲೋಕದ ಹಾಡೆಲ್ಲ ತಮ್ಮಲ್ಲೇ ಇವೆ ಎನ್ನುವ ಕಂಪನಿಗಳಿಗೆ ರೊಟ್ಟಿ ಬಡಿಯುವವಳ ಒಂದು ಮಾತು ಕೇಳಿಸಲಿಲ್ಲ. ಅವಳೂ ಮಾತು ಬದಲಿಸಲಿಲ್ಲ.

*

ಶಿವಲಿಂಗ ಫೋನು ಆರಿಸಿ ಸಿದಿಗೆಗೆ ಹೆಗಲು ಕೊಟ್ಟ.

“ನಾನ ಹಾಡ್ತೀನಿ.”

“ಪದ ಬರ್ತೈತೇನೋ ನಿನಗ?” ಅಂದ ಶ್ರೀಮಂತ.

“ಎರಡ ಸಾಲ ಬರ್ತಾವು.”

“ಎರಡ ಸಾಲಿನ್ಯಾಗ ಸುಡುಗಾಡ ಮುಟ್ಟತೀಯೇನು?”

“ಮುಟ್ಟೂತನಕ ಅವ ಎರಡ.”

ಧ್ವನಿ ಒಡೆದಿತ್ತು, ಧಾಟಿ ತಪ್ಪಿತ್ತು. ಎರಡು ಸಾಲು ಮುಗಿದವು, ಮತ್ತೆ ಶುರುವಾದವು. ಹೆಂಗಸರು ತಿರುಗಿ ಹೋಗುವ ಮೂಲೆ ಬಂದರೂ ಅಕ್ಕನಾಗಮ್ಮ ತಿರುಗಲಿಲ್ಲ. ಸಾಲಿನ ಕೊನೆಗೆ ಅವಳೂ ದನಿಗೂಡಿಸಿದಳು.

“ಲಗು ನಡೀರಿ, ಬಿಸಲ ಏರಾಕತ್ತೈತಿ,” ಎಂದು ಶ್ರೀಮಂತ ಅವಸರ ಮಾಡಿದ. ಆದರೆ ಹೊತ್ತವರ ಕಾಲು ಆಗಲೇ ಎತ್ತಿನ ನಡಿಗೆಗೆ ಇಳಿದಿದ್ದವು.

ಹಿಂದೆ ಲಾರಿಯೊಂದು ಹಾರ್ನು ಬಾರಿಸಿತು, ಮತ್ತೆ ಬಾರಿಸಿತು. ಶಿವಲಿಂಗ ರಸ್ತೆಯ ನಡುವಿನಿಂದ ಸರಿಯಲಿಲ್ಲ. ಮೂರನೆಯ ಸಲ ಹಾರ್ನು ಬರಲಿಲ್ಲ. ಡ್ರೈವರು ಇಂಜಿನ್ನು ಬಂದ್ ಮಾಡಿ, ಕೆಳಗಿಳಿದು, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.